ಬಾರಿಗೆ ಗಾಲ್ಫ್ ನೋಡಲು ಹೋದ ತಮ್ಮ

ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ನನ್ನ ತಮ್ಮ ಅಂಥವನಲ್ಲ. ಕೇಳಲು ಬಂದವರು ನಮ್ಮದೇ ಮನೆಯ ಚಾಪೆಯ ಮೇಲೆ, ನನ್ನ ಎದುರಿಗೇ ಕೂತಿದ್ದರು. ಬಾಯಿಬಿಟ್ಟು ಕೇಳಿಯೂ ಕೇಳಿದರು. ನಾನು ಹೇಳಲಿಲ್ಲ. ಆಮೇಲೆ, ಹೇಳಿದ್ದೆನೆಂದು ತಮ್ಮನಿಗೆ ಸುಳ್ಳು ಹೇಳಿದೆ. ಮೊದಲನೆಯದು ಆ ಗಳಿಗೆಯ ಅನುಮಾನದಿಂದ ಆದ ತಪ್ಪು ಎಂದು ಬೇಕಾದರೆ ಅನ್ನಬಹುದು. ಎರಡನೆಯದಕ್ಕೆ ನನ್ನ ಹತ್ತಿರ ಯಾವ ನೆಪವೂ ಇಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಬಹಳ ವರ್ಷವಾಗಿರಲಿಲ್ಲ. ಕೊಡ್ಲಿಪೇಟೆಯಲ್ಲಿ ಅಪ್ಪನಿಗೆ ಬೆಲ್ಲ, ಮೆಣಸು, ಏಲಕ್ಕಿಯ ಸಣ್ಣ ವ್ಯಾಪಾರವಿತ್ತು. ಅವ್ವ ಬೇಗ ಹೋದಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಒಲೆಯ ಮುಂದೆ ಕೂತೆ. ಎರಡು ಮನೆಯಾಚೆಗೇ ನನ್ನನ್ನು ಮದುವೆ ಮಾಡಿಕೊಟ್ಟಿದ್ದರಿಂದ ಮದುವೆಯ ನಂತರವೂ ಎರಡೂ ಮನೆಯ ಒಲೆ ನನ್ನದೇ ಆಗಿತ್ತು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅವನು ನನಗಿಂತ ಚೆನ್ನಾಗಿ ಓದಿ ಸುಂಟಿಕೊಪ್ಪದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆದ. ಲೈನ್ ಮನೆಗಳ ಕೂಲಿ ಆಳುಗಳ ಹಾಜರಿ ತೆಗೆಯುವುದು, ಕಾಫಿ ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ಹಣ್ಣು ಅಳೆಸಿಕೊಳ್ಳುವುದು ಅವನ ಕೆಲಸ.

ಭಾನುವಾರ ಅವನಿಗೆ ಇನ್ನೊಂದು ಕೆಲಸವಿತ್ತು. ಎಸ್ಟೇಟಿನ ದೊರೆ ಮಡಿಕೇರಿಯ ಹೊರಗಿನ ಹುಲ್ಲುಮೈದಾನಕ್ಕೆ ಗಾಲ್ಫ್ ಆಡಲು ಹೋಗುವಾಗ ಜೀಪಿನಲ್ಲಿ ಇವನನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ಕೋಲುಗಳು ತುಂಬಿದ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡು ದೊರೆಯ ಹಿಂದೆ ಗುಡ್ಡ ಹತ್ತಿ ಇಳಿಯಬೇಕು. ರೈಟರ್ ಆದವನು ಚೀಲ ಹೊರುವುದೇ ಎಂದು ನನಗೆ ಅವಮಾನ. ಅವನಿಗೆ ಮಾತ್ರ ವಾರವೆಲ್ಲ ಕಾಯುವಷ್ಟು ಇಷ್ಟ.

ಆ ವರ್ಷ ಪಿಕ್ಕಿಂಗ್ ಮುಗಿದ ಮೇಲೆ ಅವನು ರಜೆ ಹಾಕಿ ಮನೆಗೆ ಬಂದಿದ್ದ. ಶನಿವಾರಸಂತೆ ಕಡೆಯ ಒಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ನೋಡಿಕೊಂಡು ಬಂದಿದ್ದೆವು, ಎರಡೂ ಕಡೆಗೆ ಒಪ್ಪಿಗೆಯಾಗಿತ್ತು, ಮುಂದಿನ ವಾರ ವೀಳ್ಯ ಬದಲಾಯಿಸುವುದೆಂದು ಮಾತಾಗಿತ್ತು. ಆ ಹುಡುಗಿ ತನ್ನ ಚಿಕ್ಕಮ್ಮನ ಕೈಲಿ ಕೇಳಿಸಿದ್ದು ಒಂದೇ: ತನ್ನ ಹೊಲಿಗೆ ಮಿಷನ್ ಜೊತೆಗೆ ತರಬಹುದೇ ಎಂದು. ಅದನ್ನು ಕೇಳಿದ ದಿನವೇ ತಮ್ಮ ನಡುಮನೆಯ ಕಿಟಕಿಯ ಕೆಳಗಿದ್ದ ಅಕ್ಕಿ ಪೆಟ್ಟಿಗೆಯನ್ನು ಒಬ್ಬನೇ ಎಳೆದು ಮೂಲೆಗೆ ಸರಿಸಿದ. "ಬೆಳಕು ಬೇಕಲ್ಲಕ್ಕ, ಸೂಜಿಗೆ ದಾರ ಪೋಣಿಸಕ್ಕೆ" ಎಂದ. ಅಷ್ಟು ಖುಷಿಯಾಗಿ ನಾನು ಅವನನ್ನು ನೋಡಿರಲಿಲ್ಲ. ನಿಜ ಹೇಳುತ್ತೇನೆ, ಆ ಖುಷಿಯ ಮೇಲೇ ನನಗೆ ಮೊದಲ ಅನುಮಾನ ಬಂದದ್ದು. ಗಂಡಸು ಇಷ್ಟು ಹಗುರವಾಗಿದ್ದರೆ ಎಲ್ಲೋ ಏನೋ ಇರಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಅಕ್ಕಾ, ಶನಿವಾರ ಮಡಿಕೇರಿಗೆ ಹೋಗ್ತೀನಿ. ರಾತ್ರಿ ಅಲ್ಲೇ ಉಳ್ದು ಭಾನುವಾರ ಬರ್ತೀನಿ."

"ಏನ್ ಅಂಥ ಕೆಲ್ಸ?"

"ಗಾಲ್ಫ್ ನೋಡಕ್ಕೆ."

"ವಾರ ವಾರ ಚೀಲ ಹೊತ್ಕೊಂಡು ನೋಡೋದು ಸಾಲ್ದಾ?"

"ಇದು ಮೈದಾನದಲ್ಲಲ್ಲ ಕಣಕ್ಕ. ಬಾರಲ್ಲಿ."

ನನ್ನ ಕೈ ಹಿಟ್ಟಿನ ಮೇಲೇ ನಿಂತಿತು. ಅವನು ಅವಸರವಾಗಿ ವಿವರಿಸತೊಡಗಿದ. ವಿಲಾಯಿತಿಯಲ್ಲಿ ಈಗ ಮನೆಮನೆಯಲ್ಲೂ ಒಂದು ಪೆಟ್ಟಿಗೆ ಇಟ್ಟುಕೊಳ್ಳುತ್ತಾರಂತೆ. ಟೆಲಿವಿಷನ್ ಎಂದು ಅದರ ಹೆಸರು. ಎಲ್ಲೋ ಆಡುವ ಆಟ ಆ ಪೆಟ್ಟಿಗೆಯಲ್ಲಿ ಕಾಣುತ್ತದಂತೆ. ಹಾಗೆ ತೋರಿಸಿದ ಗಾಲ್ಫ್ ಆಟದ ರೀಲನ್ನು, ರಜೆಗೆ ಹೋಗಿದ್ದ ಒಬ್ಬ ಪ್ಲಾಂಟರ್ ತಂದಿದ್ದಾರೆ. ಮೊದಲು ದೊರೆಗಳ ಕ್ಲಬ್ಬಿನಲ್ಲಿ ತೋರಿಸಿದರು. ಚೀಲ ಹೊರುವವರಿಗೆ ಕ್ಲಬ್ಬಿನೊಳಗೆ ಪ್ರವೇಶವಿಲ್ಲ. ಈಗ ಮಡಿಕೇರಿಯ ಬಾರಿನವರು ಗಿರಾಕಿಗಳು ಬರಲಿ ಎಂದು ಆ ರೀಲನ್ನೂ ಅದನ್ನು ತೋರಿಸುವ ಮಿಷನ್ನನ್ನೂ ಒಂದು ಸಂಜೆಗೆ ಕೇಳಿ ತಂದು, ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸುತ್ತಾರೆ.

"ದೊರೆ ಆಡೋದನ್ನ ಕಣ್ಣಾರೆ ನೋಡ್ತೀಯಲ್ಲ, ಪಂಚೆ ಮೇಲೆ ಯಾಕೆ ನೋಡ್ಬೇಕು?"

"ನಾನೆಲ್ಲಿ ನೋಡ್ತೀನಕ್ಕ? ಅವರು ಹೊಡೀವಾಗ ನಾನು ಚೆಂಡು ಎಲ್ಲಿ ಬೀಳ್ತದೆ ಅಂತ ಆಕಾಶ ನೋಡ್ತಾ ನಿಂತಿರ್ಬೇಕು. ಚೆಂಡು ಕಳೆದ್ರೆ ನನ್ನ ತಲೆ ಹೋಯ್ತು. ಇಷ್ಟು ವರ್ಷ ಆಯ್ತು, ಕೋಲು ಚೆಂಡಿಗೆ ತಾಗೋದನ್ನ ಒಂದ್ ಸಲಾನೂ ಸರಿಯಾಗಿ ಕಂಡಿಲ್ಲ ನಾನು."

ಹೇಳಿ, ಹುಣಸೆಬೀಜಗಳನ್ನು ತಂದು ನೆಲದ ಮೇಲೆ ಹರಡಿ ನನಗೆ ಇಡೀ ಯೋಜನೆ ತೋರಿಸಿದ. ಇದು ಬಸ್ ಸ್ಟ್ಯಾಂಡು. ಇದು ಅದರ ಹತ್ತಿರದ ಕೆಳಗಿನ ಬಾರು, ಇಲ್ಲಿ ಮೊದಲ ಆಟ. ಅದು ಮುಗಿದ ಕೂಡಲೇ ರೀಲಿನ ಡಬ್ಬಿಯನ್ನು ಒಬ್ಬ ತಲೆ ಮೇಲಿಟ್ಟುಕೊಂಡು ಕೋಟೆ ಕಡೆಯ ಏರಿನಲ್ಲಿರುವ ಮೇಲಿನ ಬಾರಿಗೆ ಒಯ್ಯುತ್ತಾನೆ. ಇವನೂ ಜೊತೆಗೆ ಬರುವ ಸ್ನೇಹಿತನೂ ಅವನ ಹಿಂದೆಯೇ ಏರು ಹತ್ತಿ ಅಲ್ಲಿ ಇನ್ನೊಮ್ಮೆ ನೋಡುವುದು. ಮೊದಲ ಸಲ ಆಡುವವನ ಕೈ ನೋಡಬೇಕು, ಎರಡನೇ ಸಲ ಕಾಲು. ಕೆಳಗಿನ ಬಾರಿನಲ್ಲಿ ಕಂಬ ಅಡ್ಡ ಬರುತ್ತದೆ, ಆದ್ದರಿಂದ ಬಾಗಿಲ ಎಡಕ್ಕೆ ನಿಲ್ಲಬೇಕು. ಯುದ್ಧಕ್ಕೆ ಹೊರಟವನ ಹಾಗೆ ಎಲ್ಲವನ್ನೂ ಲೆಕ್ಕ ಹಾಕಿದ್ದ.

"ಆ ಚೆಂಡನ್ನ ಅಷ್ಟು ದೂರ ಹೊಡ್ದು ಏನ್ ಮಾಡ್ತಾರೆ?" ಎಂದೆ.

"ನಡ್ಕೊಂಡು ಅಲ್ಲಿಗೆ ಹೋಗ್ತಾರೆ."

"ಹೋಗಿ?"

"ಮತ್ತೆ ಹೊಡೀತಾರೆ."

"ಕೈಯಲ್ಲೇ ಎತ್ಕೊಂಡ್ ಹೋಗ್ಬಾರ್ದಾ, ಕರ್ಮ?"

ಅವನು ನಕ್ಕು ನಕ್ಕು ಬೀಜಗಳ ಮೇಲೇ ಕೂತ. ಆಮೇಲೆ ಗಂಭೀರವಾಗಿ ಹೇಳಿದ: "ಬಾರಿನ ವಿಷ್ಯ ಅಪ್ಪನಿಗೆ ಹೇಳ್ಬೇಡ. ಅರ್ಥ ಆಗಲ್ಲ. ನಿಂಗೊಬ್ಬಳಿಗೇ ಹೇಳಿರೋದು."

ನನಗೊಬ್ಬಳಿಗೇ ಎಂಬ ಮಾತು ನಂಬಿಕೆಯದು ಎಂದು ಈಗ ತಿಳಿಯುತ್ತದೆ. ಆಗ ನನಗೆ ಅದು ಬಾಯಿ ಮುಚ್ಚಿಸುವ ಉಪಾಯದ ಹಾಗೆ ಕೇಳಿಸಿತು.

ನಾವು ಲಿಂಗವಂತರು. ಸುತ್ತಲಿನ ಕೊಡವರು, ಗೌಡರು ಹಬ್ಬಕ್ಕೆ, ಹಿರಿಯರ ಪೂಜೆಗೆ ಕುಡಿಯುತ್ತಿದ್ದರು. ಅದು ಅವರ ಪದ್ಧತಿ, ಅದಕ್ಕೆ ನಮ್ಮ ಮನೆಯಲ್ಲಿ ಯಾರೂ ಮೂಗು ಮುರಿಯುತ್ತಿರಲಿಲ್ಲ. ಆದರೆ ನಮ್ಮವರೇ ಒಬ್ಬರು ಹೆಂಡದ ಹತ್ತಿರ ಹೋದರೆ ಮುಗಿಯಿತು, ಅವರಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಪಂಕ್ತಿಯಲ್ಲಿ ಪಕ್ಕದಲ್ಲಿ ಕೂರುವುದಿಲ್ಲ. ನಮ್ಮ ಸೋದರಮಾವ ಹಾಗೆ ಹಾಳಾಗಿದ್ದರು. ಕೊರಳಲ್ಲಿ ಲಿಂಗವಿರುವಾಗ ಕುಡಿಯಲು ಹೆದರಿ, ಸಂಜೆ ಹೊರಡುವ ಮೊದಲು ಅದನ್ನಿಟ್ಟ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ಮೊಳೆಯಲ್ಲಿ ಕರಡಿಗೆ ಕಂಡರೆ ಅತ್ತೆ ಅಳಲು ಶುರುಮಾಡುತ್ತಿದ್ದಳು. ಚಿಕ್ಕವಳಾಗಿದ್ದಾಗ ಅದನ್ನು ನೋಡಿದ್ದೇನೆ.

ಆ ವಾರವೆಲ್ಲ ನಾನು ತಮ್ಮನ ಮೇಲೆ ಕಣ್ಣಿಟ್ಟಿದ್ದೆ. ಏಲಕ್ಕಿ ಯಾಕೆ ಅಷ್ಟು ಅಗಿಯುತ್ತಾನೆ? ಏಲಕ್ಕಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವನು ಇನ್ನೇನು ಅಗಿಯುತ್ತಾನೆ ಎಂದು ನನಗೆ ಹೊಳೆಯಲಿಲ್ಲ. ಒಗೆಯಲು ಹಾಕಿದ ಅಂಗಿಯನ್ನು ಮೂಸಿ ನೋಡಿದೆ. ಬೆವರಿನ ವಾಸನೆ ಬಿಟ್ಟು ಏನೂ ಇರಲಿಲ್ಲ, ಏನೂ ಇಲ್ಲದ್ದೂ ಸಮಾಧಾನ ಕೊಡಲಿಲ್ಲ. ಶುಕ್ರವಾರ ಅವನ ಸ್ನೇಹಿತ ಬಂದ. ಮಡಿಕೇರಿ ಆಚೆಯ ಅರೆಭಾಷೆ ಗೌಡರ ಹುಡುಗ, ಉಂಟು ಎನ್ನುವುದಕ್ಕೆ ಉಟ್ಟು ಎನ್ನುವವನು, ಅವನೂ ಮೈದಾನದಲ್ಲಿ ಚೀಲ ಹೊರುವವನೇ. ಇಬ್ಬರೂ ಹಿತ್ತಲಲ್ಲಿ ಪಿಸುಪಿಸು ಮಾತಾಡುತ್ತಿದ್ದರು. ನಾನು ಸೌದೆ ತರುವ ನೆಪದಲ್ಲಿ ಹೋದೆ.

"ಅದನ್ನ ಮನೆಲೇ ಬಿಟ್ಟು ಬಾ ಮಾರಾಯ, ಅಲ್ಲಿಗೆ ಬೇಡ" ಎನ್ನುತ್ತಿದ್ದವನು ನನ್ನನ್ನು ಕಂಡು ಸುಮ್ಮನಾದ.

"ಏನಪ್ಪಾ ಅದು, ಬಿಟ್ಟು ಬರೋದು?"

"ಎಂಥದೂ ಇಲ್ಲೆ ಅಕ್ಕಾ" ಎಂದು ಹಲ್ಲು ಬಿಟ್ಟ. "ಒಳ್ಳೆ ಆಟ ಉಟ್ಟು, ನೋಡಿ ಬರ್ತೇವೆ. ನೀವೂ ಬನ್ನಿ."

"ನಾನು ಬಂದ್ರೆ ನಿಮ್ಮ ಆಟ ಕೆಡ್ತದೆ" ಎಂದೆ. ಅವರಿಬ್ಬರೂ ಅದನ್ನು ತಮಾಷೆ ಎಂದುಕೊಂಡು ನಕ್ಕರು.

ಶನಿವಾರ ಅವನು ಮೊದಲ ಬಸ್ಸಿಗೇ ಹೋದ. ಸೋಮವಾರಪೇಟೆಯಲ್ಲಿ ಬಸ್ಸು ಬದಲಾಯಿಸಿದರೆ ಮಧ್ಯಾಹ್ನಕ್ಕೆಲ್ಲ ಮಡಿಕೇರಿ ಸೇರಿ, ಸಂಜೆಗೆ ಬಾಗಿಲ ಎಡಗಡೆಯ ಜಾಗ ಹಿಡಿಯಬಹುದು ಎಂಬುದು ಅವನ ಯೋಜನೆ. ನಾನು ತವರಿಗೆ ಬಂದು ಅಡುಗೆಮನೆಯಲ್ಲಿ ನೋಡಿದರೆ ಅವನು ನೀರು ಕುಡಿಯುವ ಹಿತ್ತಾಳೆ ಲೋಟ ಇರಲಿಲ್ಲ. ಲೋಟ ಯಾಕೆ ಒಯ್ದ? ನಡುಮನೆಗೆ ಬಂದೆ. ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿ, ಅವನ ಬೆಳ್ಳಿ ಕರಡಿಗೆ ಇತ್ತು.

ಗೂಡಿನ ಮುಂದೆಯೇ ಕೂತೆ. ಲಿಂಗ ಕಳಚಿಟ್ಟು ಹೋಗಿದ್ದಾನೆ. ಸೋದರಮಾವನ ದಾರಿ.

ಕೈ ಹಾಕಿ ಮುಚ್ಚಳ ತೆಗೆದು ನೋಡಬಹುದಾಗಿತ್ತು. ಎತ್ತಿ ನೋಡಿದ್ದರೆ ತೂಕದಲ್ಲೇ ತಿಳಿಯುತ್ತಿತ್ತು. ಆದರೆ ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅವರ ಕರಡಿಗೆ ತೆರೆಯುವಂತಿಲ್ಲ, ಗಂಡಹೆಂಡಿರಾದರೂ ಅಷ್ಟೇ, ತಾಯಿಮಕ್ಕಳಾದರೂ ಅಷ್ಟೇ. ಹಾಗೆಂದೇ ನಾನು ಬೆಳೆದದ್ದು. ಅವನ ಅಂಗಿ ಮೂಸಿದ್ದೆ, ಮಾತಿಗೆ ಕಿವಿಗೊಟ್ಟಿದ್ದೆ. ಆ ಪುಟ್ಟ ಭರಣಿಯನ್ನು ಮಾತ್ರ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ, ಹೇಳಿ ಕಳಿಸದೆ, ಹುಡುಗಿಯ ಅಪ್ಪ ಬಂದರು. ನಾನು ಕಾಫಿ ಇಟ್ಟೆ. ಅವರು ಲೋಟ ಮುಟ್ಟಲಿಲ್ಲ. ಅಪ್ಪ ದೇವರ ಗೂಡಿನ ಗೋಡೆಗೇ ಒರಗಿ ಕೂತಿದ್ದರು, ಅವರು ಅಪ್ಪನ ಎದುರಿಗೆ.

"ಯಜಮಾನ್ರೆ, ಒಂದ್ ಮಾತು ಕೇಳಕ್ಕೆ ಬಂದೆ. ಬೇಜಾರು ಮಾಡ್ಕೋಬಾರ್ದು. ಹುಡುಗ ಎಲ್ಲಿ?"

"ಮಡಿಕೇರಿಗೆ ಹೋಗವ್ನೆ. ಸ್ನೇಹಿತರ ಮನೆಗೆ."

"ನಮ್ಮೂರಿನ ಜವಳಿ ಅಂಗಡಿಯವರು ನಿನ್ನೆ ಸಂಜೆ ಅಲ್ಲೇ ಇದ್ರು. ಬಸ್ ಸ್ಟ್ಯಾಂಡ್ ಹತ್ರದ ಬ್ರಾಂದಿ ಅಂಗಡಿ ಬಾಗ್ಲಲ್ಲಿ ಇವ್ನು ನಿಂತಿದ್ನಂತೆ. ಆಮೇಲೆ ಒಳಗೆ ಹೋದ್ನಂತೆ. ಕೊನೇ ಬಸ್ಸಿಗೆ ಬಂದೋರು ಸೀದಾ ನಮ್ಮನೆಗೇ ಬಂದು ಹೇಳಿದ್ರು."

ಅಪ್ಪನ ಮುಖ ಕಪ್ಪಾಯಿತು. ನನ್ನ ಕಡೆ ತಿರುಗಿದರು. "ಏನವ್ವ, ನಿಂಗೇನಾದ್ರೂ ಗೊತ್ತಾ?"

"ಆಟ ನೋಡಕ್ಕೆ ಅಂತ ಹೋಗವ್ನೆ" ಎಂದೆ. ನನ್ನ ದನಿ ನನಗೇ ಸುಳ್ಳಿನ ಹಾಗೆ ಕೇಳಿಸಿತು.

"ಬ್ರಾಂದಿ ಅಂಗಡೀಲಿ ಎಂಥ ಆಟ ತಾಯಿ?" ಅವರು ಕೋಪದಿಂದ ಕೇಳಲಿಲ್ಲ. ಮೆಲ್ಲಗೆ, ನನ್ನಿಂದ ಏನಾದರೂ ಒಳ್ಳೆಯ ಉತ್ತರ ಬರಲಿ ಎಂಬಂತೆ ಕೇಳಿದರು. "ನೋಡು, ನಂಗೆ ಊರೋರ ಮಾತು ಬೇಡ. ಅವ್ನನ್ನ ಸಾಕಿ ಬೆಳೆಸಿದೋಳು ನೀನು. ಅವ್ನು ಕುಡಿಯೋನಲ್ಲ ಅಂತ ನೀನೊಂದ್ ಮಾತು ಹೇಳು, ಸಾಕು. ಈ ಕಾಫಿ ಕುಡ್ದು ಎದ್ದು ಹೋಗ್ತೀನಿ. ಮುಂದಿನ್ ವಾರ ವೀಳ್ಯ ತಗೊಂಡ್ ಬರ್ತೀನಿ."

ಹುಣಸೆಬೀಜ, ಕಂಬ, ಬಾಗಿಲ ಎಡಗಡೆ, ಎಲ್ಲವೂ ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಆದರೆ ಕಣ್ಣು ಅಪ್ಪನ ತಲೆಯ ಮೇಲಿನ ಗೂಡಿಗೆ ಹೋಯಿತು. ನನ್ನ ಕಣ್ಣು ಹೋದಲ್ಲಿಗೆ ಅವರ ಕಣ್ಣೂ ಹೋಯಿತು. ಕರಡಿಗೆಯನ್ನು ಅವರು ಕಂಡರು. ಅಪ್ಪನ ಕೊರಳಲ್ಲಿ ಅಪ್ಪನದು ಇತ್ತು. ಗೂಡಿನಲ್ಲಿರುವುದು ಯಾರದೆಂದು ಅವರು ಕೇಳಬೇಕಾಗಿರಲಿಲ್ಲ.

ಎದ್ದು ನಿಂತು, ಗೂಡಿಗೆ ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡರು. "ನೀನು ಸುಳ್ಳು ಹೇಳೋಳಲ್ಲ ತಾಯಿ" ಎಂದು ನನಗೆ ಹೇಳಿ ಹೋದರು.

ಮಧ್ಯಾಹ್ನ ತಮ್ಮ ಬಂದ. ಅಂಗಳದಲ್ಲಿ ಚೀಲ ಬಿಸಾಕಿದವನೇ ಸೌದೆಯ ಕೋಲೊಂದನ್ನು ಎತ್ತಿಕೊಂಡ.

"ಅಕ್ಕಾ, ಬಾ ಇಲ್ಲಿ. ತಲೆ ಎತ್ತಂಗಿಲ್ಲ ಕಣೆ! ಚೆಂಡು ಹೋದ್ಮೇಲೂ ತಲೆ ಕೆಳಗೇ ಇರ್ಬೇಕು. ನಮ್ ದೊರೆ ಮೊದ್ಲೇ ಎತ್ತಿಬಿಡ್ತಾರೆ, ಅದ್ಕೇ ಚೆಂಡು ಪೊದೆಗೆ ಹೋಗೋದು. ಎರಡ್ ಸಲ ನೋಡ್ದೆ. ಮೇಲಿನ ಬಾರಲ್ಲಿ ಪಂಚೆ ಸುಕ್ಕಾಗಿತ್ತು, ಆಡೋನ ಹೊಟ್ಟೆ ಡೊಂಕಾಗಿ ಕಾಣೋದು, ಎಲ್ಲಾ ನಕ್ಕಿದ್ದೇ ನಕ್ಕಿದ್ದು." ಕೋಲು ಬೀಸಿ ತೋರಿಸಿದ. ನಾನು ಹತ್ತಿರ ಹೋಗಿ ಉಸಿರೆಳೆದು ನೋಡಿದೆ. ಬಸ್ಸಿನ ಧೂಳು, ಏಲಕ್ಕಿ.

"ಲೋಟ ಯಾಕೆ ತಗೊಂಡೋಗಿದ್ದೆ?"

"ಅಲ್ಲಿನ ಗ್ಲಾಸಲ್ಲಿ ಸೋಡಾ ಕುಡಿಯಕ್ಕಾಗ್ತದಾ? ಮೊದ್ಲು ಅದ್ರಲ್ಲಿ ಏನಿತ್ತೋ ಏನೋ."

ಸ್ನಾನಕ್ಕೆಂದು ಅಂಗಿ ತೆಗೆದ. ಎದೆಯ ಮೇಲೆ ಬಿಳಿ ಬಟ್ಟೆಯ ಪುಟ್ಟ ಗಂಟು, ದಾರದಲ್ಲಿ ಬಿಗಿಯಾಗಿ ಕಟ್ಟಿತ್ತು. ನಾನು ನೋಡುತ್ತಿರುವುದನ್ನು ಕಂಡು ಅವನೇ ಹೇಳಿದ: "ಆ ಗುಂಪಲ್ಲಿ ಬೆಳ್ಳಿ ಬೇಡ, ಯಾರಾದ್ರೂ ಕಿತ್ಕೋತಾರೆ ಅಂದ ಗೌಡ. ಅದ್ಕೇ ಲಿಂಗನ ವಸ್ತ್ರದಲ್ಲಿ ಕಟ್ಕೊಂಡು ಕರಡಿಗೆ ಇಲ್ಲೇ ಬಿಟ್ಟೋದೆ." ಮಿಂದು ಬಂದು ಪೂಜೆಗೆ ಕೂತವನು ಗೂಡಿನಿಂದ ಕರಡಿಗೆ ತೆಗೆದು ಮುಚ್ಚಳ ಬಿಚ್ಚಿದ. ಬರಿದಾಗಿತ್ತು. ಗಂಟು ಬಿಚ್ಚಿ, ಪೂಜೆ ಮುಗಿಸಿ, ಲಿಂಗವನ್ನು ಅದರೊಳಗೆ ಇಟ್ಟು ಕೊರಳಿಗೆ ಹಾಕಿಕೊಂಡ. ನಾನು ಬಾಗಿಲಲ್ಲಿ ನಿಂತಿದ್ದೆ.

ಆಗಲಾದರೂ ಹುಡುಗಿಯ ಮನೆಗೆ ಓಡಬೇಕಾಗಿತ್ತು. ಶನಿವಾರಸಂತೆ ಏನು ದೂರ?

ಸಂಜೆ ಅಪ್ಪ ಅವನನ್ನು ಕರೆದು, "ಬಾರಿಗೆ ಹೋಗಿದ್ಯಂತೆ. ಅವರಿಗೆ ಗೊತ್ತಾಯ್ತು. ಸಂಬಂಧ ಮುರೀತು" ಎಂದರು.

"ಕುಡೀಲಿಲ್ಲಪ್ಪ ನಾನು. ಅಕ್ಕನ್ನ ಕೇಳು, ಅಕ್ಕನಿಗೆ ಎಲ್ಲಾ ಹೇಳಿದ್ದೆ." ನನ್ನ ಕಡೆ ತಿರುಗಿದ. "ಅವರಿಗೆ ಹೇಳ್ಲಿಲ್ವಾ ಅಕ್ಕ?"

"ಹೇಳ್ದೆ" ಎಂದೆ. "ನಂಬ್ಲಿಲ್ಲ ಅವ್ರು."

ಅಪ್ಪ ನನ್ನನ್ನೇ ನೋಡಿದರು. ಅವರು ಬದುಕಿರುವವರೆಗೂ ಆ ಮಾತನ್ನು ಎತ್ತಲಿಲ್ಲ. ಮಗನ ಮುಂದೆ ಮಗಳನ್ನು ಸುಳ್ಳುಗಾತಿ ಮಾಡಲು ಅವರಿಗೆ ಮನಸ್ಸು ಬರಲಿಲ್ಲವೋ, ಅಥವಾ ಅವರಿಗೂ ಮಗನ ಮೇಲೆ ನಂಬಿಕೆ ಹೋಗಿತ್ತೋ, ನನಗೆ ತಿಳಿಯದು.

ಮರುದಿನ ತಮ್ಮ ತಾನೇ ಹೋಗಿ ಮಾತಾಡುತ್ತೇನೆಂದು ಹೊರಟ. ನಾನು ಬಾಗಿಲಿಗೆ ಅಡ್ಡ ನಿಂತೆ. "ಬೇಡ ಕಣೋ. ಬೇಡ ಅಂದೋರ ಮನೆ ಬಾಗಿಲಿಗೆ ಹೋಗಿ ಇನ್ನೂ ಮರ್ಯಾದೆ ಕಳ್ಕೋಬೇಡ" ಎಂದೆ. ಅವನ ಮರ್ಯಾದೆಯ ಚಿಂತೆ ನನಗಿರಲಿಲ್ಲ. ಅವನು ಅಲ್ಲಿಗೆ ಹೋದರೆ, ಅವರು ನನ್ನ ಮೌನದ ವಿಷಯ, ನನ್ನ ಕಣ್ಣಿನ ವಿಷಯ ಹೇಳುತ್ತಾರೆಂಬ ಭಯ. ಅವನು ಚಪ್ಪಲಿ ಕಳಚಿ ಒಳಗೆ ಬಂದ. ಸ್ವಲ್ಪ ದಿನದ ಮೇಲೆ ಅಕ್ಕಿ ಪೆಟ್ಟಿಗೆ ಮತ್ತೆ ಕಿಟಕಿಯ ಕೆಳಗೆ ಬಂತು. ಆ ಹುಡುಗಿಗೆ ಅದೇ ವರ್ಷ ಬೇರೆ ಕಡೆ ಮದುವೆಯಾಯಿತು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಲಿಂಗ ಕಳಚಿಟ್ಟು ಕುಡಿಯಲು ಹೋಗುವವನು ಎಂದು ಸುದ್ದಿ ಹೇಗೋ ಹಬ್ಬಿತು. ನೆಂಟರ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದಾಗ ಪಕ್ಕದ ಮುದುಕರೊಬ್ಬರು, "ಇವತ್ತಾದ್ರೂ ಕಟ್ಕೊಂಡ್ ಬಂದಿದೀಯೇನಪ್ಪ?" ಎಂದರು. ತಮ್ಮನಿಗೆ ಅರ್ಥವಾಗಲಿಲ್ಲ. ಅವರು ಕೊರಳಿಗೆ ಬೆರಳು ತೋರಿಸಿದಾಗ ನಗುತ್ತಲೇ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಸುತ್ತ ಕೂತವರು ಕತ್ತು ಚಾಚಿ ನೋಡಿದರು. ಅವನ ನಗು ಹಾಗೆಯೇ ಒಣಗಿತು. ನಾನು ಸಾರಿನ ಪಾತ್ರೆ ಹಿಡಿದು ಅದೇ ಸಾಲಿನಲ್ಲಿ ಬಡಿಸುತ್ತಿದ್ದೆ. ಅವನ ಎಲೆಗೆ ಸಾರು ಹಾಕಿ ಮುಂದೆ ಹೋದೆ. ಅವತ್ತಿನಿಂದ ಅವನು ಮದುವೆಮನೆಗಳಿಗೆ ಹೋಗುವುದನ್ನೇ ಬಿಟ್ಟ. ಮುಂದೆ ದೊರೆ ತೋಟ ಮಾರಿ ಹೋದ ಮೇಲೆ ಗಾಲ್ಫ್ ಮೈದಾನಕ್ಕೂ ಹೋಗಲಿಲ್ಲ.

ತಡವಾಗಿ ಅರಕಲಗೂಡಿನ ಕಡೆಯಿಂದ ಹೆಣ್ಣು ಸಿಕ್ಕಿತು. ಒಳ್ಳೆಯವಳು, ಒಬ್ಬ ಮಗಳೂ ಹುಟ್ಟಿದಳು. ಎಲ್ಲ ಸರಿಹೋಯಿತಲ್ಲ ಎಂದು ನಾನು ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸರಿಹೋದದ್ದು ಅವನ ಬದುಕು. ಅದರಲ್ಲಿ ನನ್ನದೇನೂ ಇರಲಿಲ್ಲ.

ಆ ಮಗಳಿಗೆ ಈಚೆಗೆ ಗಂಡು ನೋಡತೊಡಗಿದರು. ಒಂದು ಮಧ್ಯಾಹ್ನ ತಮ್ಮ ನಮ್ಮ ಮನೆಗೆ ಬಂದು ಹೊಸಿಲ ಹತ್ತಿರ ಕೂತ. ಅವನ ತಲೆಯೂ ನರೆತಿದೆ.

"ಅಕ್ಕಾ, ಹಾಸನದ ಕಡೆ ಒಂದು ಗಂಡು ಬಂದದೆ. ಒಳ್ಳೆ ಹುಡುಗ ಅಂತಾರೆ. ಇನ್ಯಾರೋ ಕುಡೀತಾನೆ ಅಂತಾರೆ. ನೀನೇ ಹೋಗಿ ವಿಚಾರಿಸ್ಕೊಂಡ್ ಬಾ."

"ನಾನ್ಯಾಕೋ? ನಿನ್ ಹೆಂಡ್ತಿ ಹೋಗ್ಲಿ."

"ಇಲ್ಲ, ನೀನೇ ಆಗ್ಬೇಕು. ಯಾರೋ ಏನೋ ಅಂದ್ರು ಅಂತ ಒಂದು ಹುಡುಗನ್ನ ಬಿಟ್ಟುಬಿಡಕ್ಕೆ ನಂಗೆ ಮನಸ್ಸಿಲ್ಲ. ನಂಗೆ ಅದು ಆಗಿದೆಯಲ್ಲ. ಅವತ್ತು ಊರೆಲ್ಲ ಒಂದು ಕಡೆ ಆದ್ರೆ ನನ್ನ ಪರ ಮಾತಾಡಿದೋಳು ನೀನೊಬ್ಳೇ."

ನಾನು ಅವನ ಎದುರಿಗೆ ನೆಲದ ಮೇಲೆ ಕೂತೆ. ಬಂದವರು ಏನು ಕೇಳಿದರು, ನಾನು ಏನು ಹೇಳದೆ ಉಳಿದೆ, ನನ್ನ ಕಣ್ಣು ಎಲ್ಲಿಗೆ ಹೋಯಿತು, ಅವನನ್ನು ಯಾಕೆ ಬಾಗಿಲಲ್ಲಿ ತಡೆದೆ, ಒಂದೊಂದಾಗಿ ಹೇಳಿದೆ. ಅವನು ಅಂಗಳದ ಕಡೆ ಮುಖ ಮಾಡಿ ಕೂತಿದ್ದ. ಹೇಳಿ ಮುಗಿದ ಮೇಲೂ ತಿರುಗಲಿಲ್ಲ. ಎದ್ದು ಹೋಗಿಬಿಡುತ್ತಾನೆ ಎಂದು ಅವನ ಅಂಗಿಯ ತೋಳು ಹಿಡಿದುಕೊಂಡೆ.

"ತಪ್ಪಾಯ್ತು ಕಣೋ" ಎಂದೆ. "ನಿನ್ನ ಪರ ನಾನು ಮಾತಾಡ್ಲೇ ಇಲ್ಲ. ನಿನ್ನ ನಂಬ್ಲಿಲ್ಲ, ನಂಬ್ಲಿಲ್ಲ ಅಂತ ಹೇಳಕ್ಕೂ ಧೈರ್ಯ ಬರ್ಲಿಲ್ಲ. ನನ್ನ ಕ್ಷಮಿಸಪ್ಪ."